ಆರನೆಯ ಪುಟದ ‘ಬಿ’

ಆ ಲೇಖನ ಮಾರ್ಚ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹೆಸರಿಲ್ಲದೆ ಬಂತು. ಹೆಸರಿಲ್ಲದೆ ಬರುವುದೇ ಪದ್ಧತಿ. ಕಾನೂನು ಪತ್ರಿಕೆಗಳಲ್ಲಿ ಬರೆದವರು ಯಾರೆಂದು ಪರಿಶೀಲಿಸುವವರಿಗೆ ಗೊತ್ತಾಗಬಾರದು, ಪರಿಶೀಲಿಸಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಮುಖ ನೋಡುವ ಕಷ್ಟವಿಲ್ಲದೆ ಧಾರಾಳವಾಗಿ ಬೈಯಬಹುದು. ರೋನಾ ಗಿಲ್ಲಿಸ್ ಮಾಂಟ್ರಿಯಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ಕುಟುಂಬ ಕಾನೂನು ಕಲಿಸುತ್ತಿದ್ದಳು. ಪ್ರಕಟಣೆಗೆ ಮುನ್ನ ಪರಿಶೀಲಿಸಲು ವರ್ಷಕ್ಕೆ ಏಳೆಂಟಾದರೂ ಇಂಥ ಲೇಖನಗಳು ಅವಳಿಗೆ ಬರುತ್ತಿದ್ದವು.

ವಿಷಯ ಅವಳದೇ: ಮದುವೆಯಾಗದೆ ಒಟ್ಟಿಗೆ ಬಾಳುವವರು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಹತ್ತು ಜೋಡಿಗಳಲ್ಲಿ ನಾಲ್ಕು ಹಾಗೇ ಇವೆ. ಬೇರೆ ಪ್ರಾಂತ್ಯಗಳಲ್ಲಿ ಕೆಲವು ವರ್ಷ ಕಳೆದರೆ ಕಾನೂನು ಅಂಥವರನ್ನು ಗಂಡಹೆಂಡಿರ ಹತ್ತಿರಕ್ಕೆ ತಂದು ಕೂರಿಸುತ್ತದೆ. ಕ್ವಿಬೆಕ್‌ನಲ್ಲಿ ಬೇರೆಯಾದ ದಿನ ಅವರು ಒಬ್ಬರಿಗೊಬ್ಬರು ಏನೂ ಅಲ್ಲ. ಈಚಿನ ಹೊಸ ಕಾಯ್ದೆ ಕೂಡ ಮಗುವಾದವರ ಕೈಯನ್ನಷ್ಟೇ ಹಿಡಿದಿತ್ತು. ಮಕ್ಕಳಿಲ್ಲದವರ ಗತಿ ಏನು ಎಂದು ಆ ವರ್ಷ ಎಲ್ಲರೂ ಬರೆಯುತ್ತಿದ್ದರು. ಈ ಲೇಖಕರ ಉತ್ತರ ಚುಟುಕಾಗಿತ್ತು: ಏನೂ ಇಲ್ಲ, ಇರಲೂ ಬಾರದು. ಮದುವೆ ಬೇಡ ಎಂದದ್ದು ಅವರ ಆಯ್ಕೆ, ಆಯ್ಕೆಯನ್ನು ಗೌರವಿಸಿ.

ಒಪ್ಪದಿದ್ದರೂ ಒಳ್ಳೆಯ ಬರವಣಿಗೆ ಎಂದುಕೊಂಡು ರೋನಾ ಐದು ಪುಟ ಓದಿದಳು. ಆರನೆಯ ಪುಟದಲ್ಲಿ ಒಂದು ಉದಾಹರಣೆ ಇತ್ತು.

‘ಎ ಮತ್ತು ಬಿ ಹನ್ನೊಂದು ವರ್ಷಗಳಿಂದ ಎ-ಯ ಮನೆಯಲ್ಲಿ ಒಟ್ಟಿಗಿದ್ದಾರೆ ಎಂದುಕೊಳ್ಳೋಣ. ಬಿ ಸಮುದ್ರದಂಚಿನ ಸಣ್ಣ ಪ್ರಾಂತ್ಯವೊಂದರಲ್ಲಿ ಕಾಯಂ ಕೆಲಸ ಬಿಟ್ಟು ಬಂದವರು. ಎ-ಯ ಅಡುಗೆಮನೆಗೆ ನೀಲಿ ಟೈಲ್ಸನ್ನು ಬಿ ಸ್ವಂತ ಕೈಯಿಂದ ಕೂರಿಸಿದ್ದಾರೆ. ಇಬ್ಬರಿಗೂ ಕಾನೂನು ಚೆನ್ನಾಗಿ ಗೊತ್ತು. ಬಿ ಎಂದೂ ಮದುವೆಯ ಮಾತೆತ್ತಿಲ್ಲ. ಈ ಮೌನ ಅರಿತು ಮಾಡಿದ ಆಯ್ಕೆಯೇ ಹೊರತು ಬೇರೇನೂ ಅಲ್ಲ.’

ನೀಲಿ ಎಂದಿದೆಯಲ್ಲ, ತನ್ನದು ಹಸಿರು ಎಂದು ಅವಳ ಮನಸ್ಸು ಒಂದು ಕ್ಷಣ ಸಮಾಧಾನ ಹುಡುಕಿತು. ಆಮೇಲೆ ಅವಳು ತನ್ನ ಎಡಗೈ ನೋಡಿಕೊಂಡಳು. ಟೈಲ್ಸ್ ಕತ್ತರಿಸುವಾಗ ಆದ ಗಾಯದ ಗೆರೆ ಹೆಬ್ಬೆರಳಿನ ಬುಡದಲ್ಲಿ ಇನ್ನೂ ಇತ್ತು. ಅದರ ಮೇಲೆ ಅವತ್ತು ಬಾಯಿಟ್ಟು ಊದಿದವನು ರೆಮಿ ಸಾವಾರ್. ಈ ಲೇಖನ ಬರೆದವನೂ ಅವನೇ.

ಪತ್ರಿಕೆಯವರದು ತಪ್ಪೆನ್ನುವಂತಿರಲಿಲ್ಲ. ದೂರದ ಪಶ್ಚಿಮ ತೀರದ ಪತ್ರಿಕೆ ಅದು, ಸಂಪಾದಕರೆಲ್ಲ ವಿದ್ಯಾರ್ಥಿಗಳು. ಲೇಖಕರಿಗೂ ಪರಿಶೀಲಕರಿಗೂ ನಂಟಿದೆಯೇ ಎಂದು ಪಾಪ ಹುಡುಕಿಯೇ ಇರುತ್ತಾರೆ. ಒಂದೇ ವಿಶ್ವವಿದ್ಯಾಲಯವೇ? ಅಲ್ಲ, ಅವನದು ಊರ ನಡುವಿನ ಗುಡ್ಡದ ಆಚೆ, ಅವಳದು ಈಚೆ. ಒಟ್ಟಿಗೆ ಬರೆದಿದ್ದಾರೆಯೇ? ಇಲ್ಲ, ಅವನು ಒಪ್ಪಿರಲಿಲ್ಲ. ಗಂಡಹೆಂಡಿರೇ? ಅಲ್ಲ. ಹನ್ನೊಂದು ವರ್ಷದ ಬದುಕಿಗೆ ಒಂದು ಕಾಗದದ ಚೂರೂ ಸಾಕ್ಷಿ ಹೇಳಿರಲಿಲ್ಲ.

ಪರಿಶೀಲಕರು ತುಂಬಬೇಕಾದ ನಮೂನೆಯಲ್ಲಿ ಮೊದಲ ಪ್ರಶ್ನೆ: ‘ಲೇಖಕರು ಯಾರೆಂದು ನಿಮಗೆ ಗೊತ್ತೆ?’ ಗೊತ್ತು ಎಂದು ಬರೆದು ಲೇಖನ ವಾಪಸ್ ಕಳಿಸುವುದು ಧರ್ಮ. ರೋನಾ ‘ಇಲ್ಲ’ ಎಂದು ಗುರುತು ಹಾಕಿದಳು. ಸುಳ್ಳೆಂದು ಅವಳಿಗೆ ಅನಿಸಲಿಲ್ಲ. ಇದನ್ನು ಬರೆದವನನ್ನು ಅವಳು ನಿಜಕ್ಕೂ ಅರಿತಿರಲಿಲ್ಲ.

ಅವರಿಬ್ಬರೂ ಮೊದಲು ಕಂಡದ್ದು ಸಮುದ್ರದಂಚಿನ ಹ್ಯಾಲಿಫ್ಯಾಕ್ಸ್‌ನ ಒಂದು ವಿಚಾರಸಂಕಿರಣದಲ್ಲಿ. ಆಗ ಅವಳು ಅಲ್ಲೇ ಪಾಠ ಮಾಡುತ್ತಿದ್ದಳು. ಅವಳ ಉಪನ್ಯಾಸ ಮುಗಿಯುತ್ತಲೇ ಹಿಂದಿನ ಸಾಲಿನಿಂದ ಒಂದು ಉದ್ದನೆಯ ಕೈ ಮೇಲೆದ್ದಿತ್ತು.

"ಪ್ರೊಫೆಸರ್ ಗಿಲ್ಲಿಸ್, ನನ್ನದು ಪ್ರಶ್ನೆ ಅಲ್ಲ, ಒಂದು ಅಭಿಪ್ರಾಯ."

"ಹಾಗಾದ್ರೆ ಕೂತ್ಕೊಳ್ಳಿ. ನಿಮ್ಮ ಉಪನ್ಯಾಸ ನಾಳೆ ಇದೆ, ಅಲ್ಲಿ ಹೇಳಿ."

ಸಭೆ ನಕ್ಕಿತು. ಚಹಾದ ಹೊತ್ತಿಗೆ ಅವನು ಎರಡು ಲೋಟ ಹಿಡಿದು ಅವಳೆದುರು ಬಂದು ನಿಂತ.

"ನನ್ನ ಮರ್ಯಾದೆ ತೆಗೆದ್ರಿ ನೀವು."

"ಹೌದಾ? ನಾನು ಗಮನಿಸ್ಲಿಲ್ಲ. ನಿಮ್ಮ ಬೂಟು ನೋಡ್ತಿದ್ದೆ."

"ಏನಾಗಿದೆ ಬೂಟಿಗೆ?"

"ಒಂದು ಕಪ್ಪು, ಒಂದು ಕಂದು."

ಅವನು ಬಗ್ಗಿ ನೋಡಿದ. ಮೊದಲು ಕಿವಿಯ ತುದಿ ಕೆಂಪಾಯಿತು, ಆಮೇಲೆ ಕತ್ತು. ತಲೆ ಎತ್ತಿದಾಗ ಅವನ ಕಣ್ಣಲ್ಲಿ ನಗು ತುಂಬಿತ್ತು, ಆದರೆ ಅದು ತುಟಿಗೆ ಇಳಿಯಲು ಅವಳ ಅಪ್ಪಣೆಗೆ ಕಾಯುತ್ತಿತ್ತು. "ಬೆಳಿಗ್ಗೆಯಿಂದ ನೂರು ಜನ ನೋಡಿದ್ದಾರೆ. ಒಬ್ರೂ ಹೇಳ್ಲಿಲ್ಲ," ಎಂದ. "ನೀವು ಮಾಂಟ್ರಿಯಲ್‌ಗೆ ಬಂದ್ಬಿಡಿ. ದಿನಾ ಬೆಳಿಗ್ಗೆ ನೋಡಿ ಹೇಳೋರು ಒಬ್ರು ಬೇಕು ನನಗೆ."

ಅದು ತಮಾಷೆಯ ಮಾತು. ಒಂದೂವರೆ ವರ್ಷ ಕಳೆಯುವುದರೊಳಗೆ ಅವಳು ಕಾಯಂ ಕೆಲಸ ಬಿಟ್ಟು, ಅಮ್ಮ ಕೊಟ್ಟ ಕಂದು ಬಣ್ಣದ ಟೀಪಾಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದೇ ಬಿಟ್ಟಳು.

ಬುಧವಾರ ಸಂಜೆ ಬೆಳಕಿರುವಾಗಲೇ ಅವಳು ಮನೆಗೆ ಬಂದಳು. ಮನೆ ಮೇಲಂತಸ್ತಿನಲ್ಲಿತ್ತು, ಮೆಟ್ಟಿಲು ಬೀದಿಗೇ ಇಳಿದಿತ್ತು. ಕೆಳಮನೆಯ ಮದಾಂ ಪ್ರೂ ಹಿಮ ಕರಗಲೆಂದು ಮೆಟ್ಟಿಲಿಗೆ ಉಪ್ಪು ಚೆಲ್ಲುತ್ತಿದ್ದರು. ಎಂಬತ್ತರ ಹತ್ತಿರದ ಹೆಂಗಸು.

"ನಿಧಾನ ಮಗಳೇ, ಮೂರನೇ ಮೆಟ್ಲು ಜಾರತ್ತೆ. ನಿನ್ನ ಗಂಡ ಆಗ್ಲೇ ಬಂದಿದ್ದಾನೆ, ಈರುಳ್ಳಿ ಸೀದ ವಾಸನೆ ಬರ್ತಿದೆ."

ಇಡೀ ಊರಿನಲ್ಲಿ ರೆಮಿಯನ್ನು ಅವಳ ಗಂಡ ಎನ್ನುತ್ತಿದ್ದದ್ದು ಈ ಮುದುಕಿಯೊಬ್ಬರೇ. ರೋನಾ ಎಂದೂ ತಿದ್ದಿರಲಿಲ್ಲ. ಕೇಳಿದಾಗಲೆಲ್ಲ ಒಳಗೊಳಗೇ ಖುಷಿಪಡುತ್ತಿದ್ದಳು. ಆ ಖುಷಿಗೆ ಇವತ್ತು ಅವಳಿಗೇ ನಾಚಿಕೆಯಾಯಿತು.

ಹಸಿರು ಟೈಲ್ಸಿನ ಮುಂದೆ ನಿಂತು ರೆಮಿ ಬಟಾಣಿ ಸೂಪು ತಿರುವುತ್ತಿದ್ದ. ಅಂಗಿಯ ತೋಳು ಮೊಣಕೈವರೆಗೆ ಮಡಿಸಿತ್ತು. ಆ ಕೈಗಳು ಅವಳಿಗೆ ಈಗಲೂ ಇಷ್ಟವಾದವು. ಸಿಟ್ಟು ಬಂದದ್ದು ಅದಕ್ಕೇ.

"ಒಂದು ಮಾತು ಕೇಳ್ಲಾ?"

"ಪ್ರಶ್ನೆನೋ, ಅಭಿಪ್ರಾಯನೋ?" ಹನ್ನೊಂದು ವರ್ಷದಿಂದ ಸವೆಯದ ತಮಾಷೆ ಅದು.

"ಪ್ರಶ್ನೆ. ನಾವು ಯಾಕೆ ಮದ್ವೆ ಆಗ್ಲಿಲ್ಲ?"

ಸೌಟು ನಿಂತಿತು. ಮತ್ತೆ ತಿರುಗಿತು. "ನಿನಗೆ ಬೇಕಿರ್ಲಿಲ್ಲ."

"ನಾನು ಹಾಗಂದ್ನಾ?"

"ಕೇಳ್ಲೂ ಇಲ್ವಲ್ಲೇ. ಸಭೆ ಮಧ್ಯೆ ಬೂಟು ನೋಡಿ ಮಾತಾಡೋಳು, ಬೇಕಾದ್ದನ್ನ ಕೇಳದೆ ಬಿಡ್ತೀಯಾ ನೀನು?"

"ನೀನೂ ಕೇಳ್ಲಿಲ್ಲ."

ಅವನು ಸೌಟು ಅವಳ ಬಾಯಿಯ ಹತ್ತಿರ ಹಿಡಿದ. "ಉಪ್ಪು ಸರಿ ಇದೆಯಾ ನೋಡು."

ಅವಳು ರುಚಿ ನೋಡಿ ಸರಿ ಇದೆ ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ನಿಜ ಹೇಳಬೇಕೆಂದರೆ ಅವಳು ಕಾದಿದ್ದಳು. ಮೊದಲ ಬೇಸಗೆಯಲ್ಲಿ ಕೇಪ್ ಬ್ರೆಟನ್‌ನ ತವರಿನಲ್ಲಿ ಅಮ್ಮ "ಯಾವಾಗಪ್ಪಾ?" ಎಂದು ರೆಮಿಯನ್ನು ನೇರ ಕೇಳಿದ್ದಳು. "ನಮ್ಮ ಕಡೆ ಯಾರೂ ಮದ್ವೆ ಆಗಲ್ಲ ಅಮ್ಮಾ, ಅದಕ್ಕೇ ಯಾರೂ ಬಿಟ್ಟೂ ಹೋಗಲ್ಲ," ಎಂದು ಅವನು ನಕ್ಕಾಗ ರೋನಾಳೂ ನಕ್ಕಳು. ಆ ನಗು ಅವಳನ್ನು ಕಟ್ಟಿಹಾಕಿತು. ಕೇಳಿ ಪಡೆದದ್ದು ಕೊಟ್ಟದ್ದಾಗುವುದಿಲ್ಲ ಎಂಬ ಹಟ ಬೇರೆ. ಬಾಯಿಬಿಟ್ಟು ಕೇಳಲಾರದ ಹೆಂಗಸರ ಬಗ್ಗೆ ಮುನ್ನೂರು ಪುಟದ ಪ್ರಬಂಧ ಬರೆದವಳಿಗೆ ತಾನೂ ಅವರಲ್ಲೊಬ್ಬಳೆಂದು ಹೊಳೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಕಚೇರಿಯಲ್ಲಿ ಒಬ್ಬಳೇ ಕೂತು ಅವಳು ತನ್ನ ವರದಿ ಬರೆದಳು.

‘ಲೇಖನ ಪ್ರಕಟಣೆಗೆ ಯೋಗ್ಯ. ಸಣ್ಣ ತಿದ್ದುಪಡಿಗಳು ಬೇಕು. ಪುಟ ಆರು: ಬಿ-ಯ ಮೌನವನ್ನು ಲೇಖಕರು ಆಯ್ಕೆ ಎಂದು ಓದಿದ್ದಾರೆ, ಆಧಾರ ಕೊಟ್ಟಿಲ್ಲ. ಬಿ ಕಾಯುತ್ತಿರಬಹುದು. ಅದು ಎ-ಗೆ ಗೊತ್ತಿತ್ತೇ ಎಂಬುದನ್ನು ಲೇಖಕರು ಸ್ಪಷ್ಟಪಡಿಸಬೇಕು. ಗೊತ್ತಿದ್ದರೆ ಈ ವಾದ ನಿಲ್ಲುವುದಿಲ್ಲ. ಕೊನೆಯದಾಗಿ, ಟೈಲ್ಸ್ ಹಸಿರು.’

ವರದಿ ಅವನ ಕೈ ಸೇರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಅವಳು ಎಂದಿನಂತೆ ನಕ್ಕಳು, ಉಂಡಳು, ಅವನ ಬೂಟು ಜೋಡಿ ಸರಿಯಿದೆಯೇ ಎಂದು ನೋಡಿದಳು. ಅಷ್ಟರೊಳಗೆ ಅವನೇ ಬಂದು ಕೇಳಿಬಿಡಲಿ, ವರದಿ ಸುಳ್ಳಾಗಲಿ ಎಂದು ಆಸೆಪಟ್ಟಳು. ಅವನು ಕೇಳಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅವಳು ಬಾಲ್ಕನಿಯ ಕುಂಡಕ್ಕೆ ಮಣ್ಣು ತುಂಬುತ್ತಿದ್ದಳು. ರೆಮಿ ಎರಡು ಹಾಳೆ ಹಿಡಿದು ಬಾಗಿಲಲ್ಲಿ ನಿಂತ. ಅವನ ಕಿವಿ ಕೆಂಪಾಗಿತ್ತು.

"ಇದನ್ನ ನೀನು ವಾಪಸ್ ಕಳಿಸ್ಬೇಕಿತ್ತು. ನಿಯಮ ಇದೆ."

"ಗಂಡಹೆಂಡಿರಿಗೆ ಇದೆ ನಿಯಮ. ನಾವು ಯಾರು? ನಿನ್ನ ಆರನೇ ಪುಟ ತೆಗೆದು ನೋಡು."

"ಗಿಲ್ಲಿಸ್, ಅದು ಬರೀ ಒಂದು ಉದಾಹರಣೆ. ಬೇಕೂಂತ್ಲೇ ಬಣ್ಣ ಬದಲಾಯಿಸಿದ್ದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ."

"ನನ್ನ ಕೇಳೋಕೆ ನೆನಪಾಗ್ಲಿಲ್ಲ. ಬಣ್ಣ ಬದಲಾಯಿಸೋಕೆ ನೆನಪಾಯ್ತು."

ಅವನು ಹಾಳೆಗಳನ್ನು ಮಡಿಸಿದ, ಬಿಚ್ಚಿದ. ಓಣಿಯಲ್ಲಿ ಯಾರದೋ ಮನೆಯ ಹಗ್ಗದ ಮೇಲೆ ವರ್ಷದ ಮೊದಲ ಬಟ್ಟೆ ಒಣಗುತ್ತಿತ್ತು. ಅವನು ಅದನ್ನೇ ನೋಡಿದ.

"ಎ-ಗೆ ಗೊತ್ತಿತ್ತಾ ರೆಮಿ?"

"ಮದ್ವೆ ಆಗೋಣ," ಎಂದ ಅವನು. "ನಾಳೆನೇ ಹೋಗೋಣ. ಬೇಕಾದ್ರೆ ನಿಮ್ಮಮ್ಮನ ಊರಲ್ಲೇ ಆಗೋಣ."

ಹನ್ನೊಂದು ವರ್ಷ ಈ ಮಾತು ಎಲ್ಲಿ, ಹೇಗೆ ಬರಬಹುದೆಂದು ಅವಳು ಎಣಿಸಿದ್ದಳು. ಸಮುದ್ರದ ದಂಡೆಯಲ್ಲಿ, ರೈಲಿನಲ್ಲಿ, ಪಾತ್ರೆ ತೊಳೆಯುವಾಗ. ಕೈಯೆಲ್ಲ ಮಣ್ಣಾಗಿರುವಾಗ ಬರಬಹುದೆಂದೂ ಒಮ್ಮೆ ಅಂದುಕೊಂಡಿದ್ದಳು. ಅವನ ಕೈಯಲ್ಲಿ ತನ್ನದೇ ವರದಿ ಇರುತ್ತದೆ ಎಂದು ಮಾತ್ರ ಊಹಿಸಿರಲಿಲ್ಲ.

"ಇದು ತಿದ್ದುಪಡಿ ಕಣೋ," ಎಂದಳು. "ಪರಿಶೀಲಕರು ಕೇಳಿದ್ರು ಅಂತ ಒಂದು ಸಾಲು ಸೇರಿಸ್ತೀವಲ್ಲ, ಆ ಥರದ್ದು. ನಾನು ಕೇಳಿದ್ದು ಬೇರೆ. ಗೊತ್ತಿತ್ತಾ?"

ಅವನು ಹಾಳೆಗಳನ್ನು ಮತ್ತೆ ಮಡಿಸಿಕೊಂಡು ಒಳಗೆ ಹೋದ. ಅವಳು ಕುಂಡಕ್ಕೆ ಗಿಡ ನೆಟ್ಟು, ಕೈ ತೊಳೆದುಕೊಂಡು, ಬಾಡಿಗೆ ಮನೆ ಹುಡುಕಲು ಕೂತಳು.

ಮಾಂಟ್ರಿಯಲ್‌ನಲ್ಲಿ ಬಾಡಿಗೆ ಕರಾರುಗಳೆಲ್ಲ ಮುಗಿಯುವ ಜುಲೈ ಒಂದರಂದು ಅರ್ಧ ಊರೇ ಮನೆ ಬದಲಾಯಿಸುತ್ತದೆ. ಬೀದಿಯ ಎಲ್ಲ ಮೆಟ್ಟಿಲುಗಳಲ್ಲೂ ಸೋಫಾ, ಫ್ರಿಜ್ಜು, ಹಾಸಿಗೆಗಳು ಹತ್ತುತ್ತ ಇಳಿಯುತ್ತ ಇದ್ದವು. ಅವುಗಳ ನಡುವೆ ಒಬ್ಬಳು ಬಿಟ್ಟುಹೋಗುತ್ತಿದ್ದಾಳೆಂದು ಯಾರಿಗೂ ಅನಿಸಲಿಲ್ಲ. ಪುಸ್ತಕದ ಭಾರದ ಪೆಟ್ಟಿಗೆಗಳನ್ನೆಲ್ಲ ರೆಮಿಯೇ ಹೊತ್ತು ಇಳಿಸಿದ. ಅವಳಿಗೆ ಟೀಪಾಟು ಬಿಟ್ಟು ಬೇರೇನೂ ಮುಟ್ಟಗೊಡಲಿಲ್ಲ. ಮೂರನೆಯ ಮೆಟ್ಟಿಲ ಬಳಿ ಅಭ್ಯಾಸಬಲದಿಂದ ಅವಳ ಮೊಣಕೈ ಹಿಡಿದ. ಹಿಮ ಕರಗಿ ಮೂರು ತಿಂಗಳಾಗಿತ್ತು.

"ಟೈಲ್ಸ್..." ಎಂದ.

"ಕೀಳೋಕಾಗಲ್ಲ. ಇರ್ಲಿ." ಗೋಡೆಗಂಟಿದ್ದು ಮನೆಯ ಒಡೆಯನದು. ಮೊದಲ ವರ್ಷದವರಿಗೆ ಅವಳೇ ಆ ಪಾಠ ಮಾಡುತ್ತಿದ್ದಳು.

ಕೆಳಗೆ ಮದಾಂ ಪ್ರೂ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟರು. "ಗಂಡನ್ನ ಬಿಟ್ಟು ಹೊರಟ್ಯಾ ಮಗಳೇ?"

"ಗಂಡ ಅಲ್ಲ ಮದಾಂ. ಯಾವತ್ತೂ ಆಗಿರ್ಲಿಲ್ಲ."

"ಕಾಗದ ಕೇಳಿದ್ನಾ ನಾನು?" ಎಂದು ಗದರಿ ಮುದುಕಿ ಕಣ್ಣೊರೆಸಿಕೊಂಡರು.

ಜನವರಿಯಲ್ಲಿ ಪತ್ರಿಕೆ ಬಂತು. ಪರಿಶೀಲಕರಿಗೆ ಒಂದು ಪ್ರತಿ ಕಳಿಸುವುದು ಅವರ ರೂಢಿ. ನದಿಯ ಪಕ್ಕದ ತನ್ನ ಸಣ್ಣ ಮನೆಯಲ್ಲಿ, ಕಿಟಕಿಯ ಬೆಳಕಿನಲ್ಲಿ, ರೋನಾ ಕೋಟು ಬಿಚ್ಚದೆ ಪುಟ ತಿರುವಿದಳು. ಮೊದಲ ಅಡಿಟಿಪ್ಪಣಿ: ‘ಹೆಸರು ತಿಳಿಯದ ಎರಡನೆಯ ಪರಿಶೀಲಕರಿಗೆ ಲೇಖಕ ಋಣಿ.’ ಇಬ್ಬರಲ್ಲಿ ಎರಡನೆಯವಳು ಅವಳೇ. ಕೆಲವು ಪುಟ ದಾಟಿ ಉದಾಹರಣೆ ಬಂತು. ಟೈಲ್ಸ್ ಹಸಿರಾಗಿತ್ತು. ‘ಬಿ ಕಾಯುತ್ತಿದ್ದರು’ ಎಂದಿತ್ತು, ಅದರ ತಲೆಯ ಮೇಲೆ ಒಂದು ಅಂಕಿ. ಪುಟದ ತಳದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ, ಮೂವತ್ತೊಂದನೆಯ ಅಡಿಟಿಪ್ಪಣಿ:

‘ಇದು ಎ-ಗೆ ಗೊತ್ತಿತ್ತು. ಮೊದಲ ವರ್ಷದಿಂದಲೂ. ಆಧಾರ ಲೇಖಕರ ಬಳಿ ಇದೆ.’

ಅವಳು ಮೂರು ಸಲ ಓದಿದಳು. ಅಡುಗೆಮನೆಯಲ್ಲಿ, ಬಾಲ್ಕನಿಯಲ್ಲಿ, ಮೆಟ್ಟಿಲ ಮೇಲೆ ಬಾರದ ಮಾತು ಕೊನೆಗೂ ಬಂದಿತ್ತು, ದೇಶದ ಕಾನೂನು ಗ್ರಂಥಾಲಯಗಳಿಗೆಲ್ಲ ಒಂದೊಂದು ಪ್ರತಿಯಂತೆ. ಅವಳು ಅತ್ತಳು. ಅತ್ತು ಮುಗಿಸಿ ಕೊನೆಯ ಪುಟ ತೆಗೆದಳು. ತೀರ್ಮಾನ ಬದಲಾಗಿರಲಿಲ್ಲ. ‘ಆದರೂ ಬಿ-ಗೆ ಕಾನೂನು ಏನನ್ನೂ ಕೊಡಬೇಕಾಗಿಲ್ಲ.’

ಮುಂದಿನ ವಾರ ಅವಳು ಆ ಲೇಖನವನ್ನೇ ತರಗತಿಗೆ ಒಯ್ದಳು. ವಿಷಯಕ್ಕೆ ಅದಕ್ಕಿಂತ ಹೊಸದು ಬೇರೆ ಇರಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೂವತ್ತೊಂದನೆಯ ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟುಕೊಂಡು ಕೈ ಎತ್ತಿದಳು.

"ಪ್ರೊಫೆಸರ್, ಗೊತ್ತಿದ್ರೂ ಎ ಯಾಕೆ ಕೇಳ್ಲಿಲ್ಲ?"

ರೋನಾ ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು.

"ಕೇಳದೇನೇ ಎಲ್ಲಾ ಸಿಗ್ತಿತ್ತು," ಎಂದಳು. "ಮುಂದಿನ ಪುಟ ತೆಗೀರಿ."