ಎಡಗಡೆ ಕೂತವನು

"ಆ ಕುರ್ಚಿ ನಂದ್ರಿ."

ಶ್ರೀಕೃತಿಗೆ ಕೇಳಿಸಲಿಲ್ಲ.

ಬಳ್ಳಾರಿ ಕಂಟೋನ್ಮೆಂಟಿನ ಆ ಶಾಲೆಯಲ್ಲಿ ಸಂಗೀತೋತ್ಸವ ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ಮಕ್ಕಳ ಹಾಡಿಗೆ ಅಂಕ ಹಾಕಲು ಬಂದ ಈ ಸಂಗೀತ ಟೀಚರಮ್ಮ, ತೀರ್ಪುಗಾರರ ಮೇಜಿನ ಮುಂದೆ ಬಗ್ಗಿ ಕಳ್ಳಿಯ ಹಾಗೆ ಹೆಸರಿನ ಚೀಟಿ ಬದಲಿಸುತ್ತಿದ್ದಳು. ಬಲತುದಿಯಲ್ಲಿದ್ದ ತನ್ನ ಹೆಸರು ಎಡತುದಿಗೆ, ಎಡತುದಿಯಲ್ಲಿದ್ದ ಯಾರದೋ ಹೆಸರು ಬಲತುದಿಗೆ.

ಎಲ್ಲಿ ಹೋದರೂ ಅವಳು ಮೊದಲು ಮಾಡುವ ಕೆಲಸ ಇದೇ. ಅವಳ ಎಡಗಡೆ ಗೋಡೆ ಇರಬೇಕು, ಮನುಷ್ಯರು ಇರಬಾರದು. ಎಡಗಿವಿ ಸತ್ತು ಹದಿನೆಂಟು ವರ್ಷವಾಗಿತ್ತು. ತಾಯಿ ಗಂಗಾಬಾಯಿಯನ್ನು ಬಿಟ್ಟರೆ ಆ ಸಂಗತಿ ಯಾರಿಗೂ ಗೊತ್ತಿರಲಿಲ್ಲ.

ಕೈಯಲ್ಲಿದ್ದ ಚೀಟಿ ಓದಿದಳು. 'ಜಡೆಪ್ಪ, ಸಂಗೀತ ಶಿಕ್ಷಕರು, ಕುರುಗೋಡು.'

ಹೆಸರನ್ನು ಮತ್ತೊಮ್ಮೆ ಓದಿದಳು!

"ಮೂರು ಸಲ ಕರದೆ ಮೇಡಂ." ಜಡೆಪ್ಪ ಈಗ ಅವಳ ಬಲಕ್ಕೆ ಬಂದು ನಿಂತಿದ್ದ. "ಕೇಳಿಸ್ಲಿಲ್ಲೋ, ಇಲ್ಲಾ ಕೇಳಿಸ್ಕೊಳ್ಳಾಕ ಮನಸ್ಸಿಲ್ಲೋ?"

ಅಯ್ಯೋ ದೇವರೇ... ಇವರೇ! ಕೂದಲು ಅರ್ಧ ಬೆಳ್ಳಗಾಗಿದೆ. ಕಣ್ಣು ಮಾತ್ರ ಅವೇ... ಆದರೆ ಅವುಗಳಲ್ಲಿ ಎಷ್ಟು ಸಿಟ್ಟು!

"ನನಗ ಈ ಕಡೆ ಅನುಕೂಲ ಆಗ್ತದ..." ಎಂದಳು ತಡವರಿಸುತ್ತ.

"ಕುಂದರ್ರಿ. ನಿಮ್ಮ ಅನುಕೂಲನ ಮುಖ್ಯ. ಆಗ್ಲೂ ಹಂಗ ಇತ್ತಲ್ಲ."

ಬಿಟ್ಟು ಹೋದವರು ಇವರು, ಚುಚ್ಚುವವರೂ ಇವರೇ! ಶ್ರೀಕೃತಿ ಹಲ್ಲು ಕಚ್ಚಿ ಕೂತಳು.

ಒಂದು ಕಾಲದಲ್ಲಿ ಬ್ರೂಸ್‌ಪೇಟೆಯ ಅಂಗಡಿಯೊಂದರ ಮೇಲಿನ ಸಂಗೀತದ ಕ್ಲಾಸಿನಲ್ಲಿ ಅವಳು ಹಾಡುತ್ತಿದ್ದಳು, ಅವನು ಹಾರ್ಮೋನಿಯಂ ನುಡಿಸುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು 'ನೀವು' ಅನ್ನುವುದನ್ನು ಬಿಟ್ಟಿರಲಿಲ್ಲ, ಆದರೆ ಕಣ್ಣುಗಳು ಎಂದೋ 'ನೀನು' ಅಂದುಬಿಟ್ಟಿದ್ದವು. ಅವನು ಕುರುಗೋಡಿನ ನಾಯಕರ ಓಣಿಯವನು, 'ಇದೆ' ಎನ್ನಲು 'ಐತಿ' ಅನ್ನುವವನು. ಅವಳದು ಆಚಾರವಂತ ವೈಷ್ಣವರ ಮನೆ, ಅಲ್ಲಿ 'ಅದ' ಅನ್ನಬೇಕು. ಕ್ಲಾಸು ಮುಗಿಸಿ ಬಂದ ಮಗಳು ಮರೆತು ಒಮ್ಮೆ 'ಐತಿ' ಅಂದರೆ ಗಂಗಾಬಾಯಿ ಕೆಂಡವಾಗುತ್ತಿದ್ದರು. ಆ ಒಂದು ಮಾತಿನ ನಡುವೆ ಎರಡು ಓಣಿ, ಎರಡು ಜಾತಿ, ಎರಡು ಅಡುಗೆಮನೆ ಇದ್ದವು.

ಆಮೇಲೆ ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿ ಮಾಲೀಕರ ಸಮಾರಂಭದಲ್ಲಿ ಒಂದು ಕಛೇರಿ. ಅದು ಮುಗಿದದ್ದೇ ಹಾರ್ಮೋನಿಯಂ ಎತ್ತಿಕೊಂಡು ಅವನು ಕುರುಗೋಡಿನ ಬಸ್ಸು ಹತ್ತಿದ. ಒಂದು ಮಾತಿಲ್ಲ, ಒಂದು ಕಾಗದವಿಲ್ಲ!

ಈಗ ಅವಳ ಬಲಗಿವಿಯೂ ಸೋಲುತ್ತಿತ್ತು. ಕೂದಲು ಇಳಿಬಿಟ್ಟು ಕಿವಿಯ ಮಷೀನು ಮುಚ್ಚಿಕೊಂಡಿದ್ದಳು. ಇದೇ ಕೊನೆಯ ಸಲ ತೀರ್ಪುಗಾರ್ತಿಯಾಗುವುದು ಎಂದು ತನಗೇ ಮಾತು ಕೊಟ್ಟುಕೊಂಡು ಬಂದಿದ್ದಳು. ಕಿವಿ ಕೇಳಿಸದ ಸಂಗೀತದ ಟೀಚರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ? ಇವತ್ತೊಂದು ದಿನ ಯಾರಿಗೂ ಗೊತ್ತಾಗದೆ ಕಳೆದುಬಿಟ್ಟರೆ ಸಾಕಿತ್ತು.

ಹನ್ನೊಂದನೆಯವಳಾಗಿ ಸಿರುಗುಪ್ಪದ ಮೌನಿಕಾ ವೇದಿಕೆಗೆ ಬಂದಳು. ಸಣ್ಣ ದನಿಯ ಹುಡುಗಿ. ಮೈಕಿನಿಂದ ಬಂದದ್ದು ಶ್ರೀಕೃತಿಗೆ ಹತ್ತಿಯಲ್ಲಿ ಸುತ್ತಿದ ಹಾಗೆ ಕೇಳಿಸಿತು. ಅವಳು ಹುಡುಗಿಯ ಬೆರಳು ನೋಡಿದಳು, ತಾಳ ಒಂದಿಷ್ಟೂ ತಪ್ಪಲಿಲ್ಲ. ಮುಖ ನೋಡಿದಳು, ಕಣ್ಣು ಮುಚ್ಚಿ ಮೈಮರೆತಿತ್ತು ಮಗು. ನಡುವೆ ಹಿಂದಿನ ಸಾಲಿನ ಮಕ್ಕಳು ಯಾಕೋ ನಕ್ಕವು.

'ಶ್ರುತಿ: ಹತ್ತಕ್ಕೆ ಒಂಬತ್ತು' ಎಂದು ಬರೆದಳು.

ಸ್ಪರ್ಧೆ ಮುಗಿದ ಮೇಲೆ ಮೂವರೂ ಪಕ್ಕದ ಕೋಣೆಯಲ್ಲಿ ಅಂಕ ಕೂಡಿಸಲು ಕೂತರು. ಮೂರನೆಯವನು ಅಂಜಿನೇಯ, ಹಿರಿಯ ತಬಲಾ ಮೇಷ್ಟ್ರು. ಅಂದಿನ ಸಿರುಗುಪ್ಪದ ಕಛೇರಿಗೂ ಅವನದೇ ತಬಲಾ. ಹಾಳೆ ನೋಡುತ್ತಿದ್ದವನು ಕನ್ನಡಕ ಮೇಲೇರಿಸಿದ.

"ತಂಗಿ, ಮೌನಿಕಾಗ ಶ್ರುತಿಗೆ ಒಂಬತ್ತು ಹಾಕೀಯಲ್ಲ? ನಂದು ನಾಕು, ಜಡೆಪ್ಪಂದು ಮೂರು."

"ಛಲೋ ಹಾಡಿದ್ಲಲ್ರೀ..."

"ನಡುವ ಶ್ರುತಿ ಪೆಟ್ಟಿಗಿ ಪ್ಲಗ್ ಕಳಚಿ ಬಿತ್ತು. ಆಧಾರ ತಪ್ಪಿ ಕೂಸು ಅರ್ಧ ಸ್ವರ ಕೆಳಗ ಇಳೀತು. ಹಾಲ್‌ನಾಗಿದ್ದ ಹುಡುಗ್ರು ಸೈತ ನಕ್ರಲ್ಲವ್ವ!"

ಶ್ರೀಕೃತಿ ಕೂದಲನ್ನು ಬಲಗಿವಿಯ ಮೇಲೆ ಇನ್ನಷ್ಟು ಎಳೆದುಕೊಂಡಳು.

"ಬಿಡಣ್ಣ," ಎಂದ ಜಡೆಪ್ಪ ತಲೆ ಎತ್ತದೆ. "ಕೇಳಿಸಿದ್ರೂ ಕೇಳಿಸದಂಗ ಕುಂದ್ರೋದು ಮೇಡಂಗ ಮೊದಲಿಂದ ರೂಢಿ ಐತಿ."

"ನೀ ಸುಮ್ಕಿರಪ್ಪ. ತಂಗಿ, ಇದನ್ನ ಹಂಗ ಬಿಟ್ರ ಮೌನಿಕಾ ಮೊದಲ ಬರ್ತಾಳ, ಕುಡತಿನಿ ಅನಿತಾ ಹಿಂದ ಬೀಳ್ತಾಳ. ಬರಿಯೋ ಮುಂದ ಕೈ ತಪ್ಪಿತು ಅಂದುಬಿಡು, ತಿದ್ದೂಣು."

ಎಷ್ಟು ಸುಲಭ! ಕೈ ತಪ್ಪಿತು ಅಂದರೆ ಮುಗಿಯಿತು. ನೌಕರಿ ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ...

ಉಳಿದ ಮಕ್ಕಳು? ಅವರಲ್ಲಿ ಯಾರ ಹಾಡು ತನಗೆ ಪೂರ್ತಿ ಕೇಳಿಸಿತ್ತು? ಯಾರ ಪಾಲಿನದನ್ನು ಕಿತ್ತು ಯಾರಿಗೆ ಕೊಟ್ಟಿದ್ದಾಳೆ?

ಹಾಳೆ ಎಳೆದುಕೊಂಡು ಕೆಳಗೆ ಬರೆದಳು: 'ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ನಾನು ಕೊಟ್ಟ ಯಾವ ಅಂಕವನ್ನೂ ಪರಿಗಣಿಸಬಾರದು.' ಸಹಿ ಹಾಕಿದಳು.

ಅಂಜಿನೇಯ ಓದಿದ.

"ಇದು ನಿಮ್ಮ ಸಾಲಿತನಕ ಹೋಗ್ತೈತಿ ತಂಗಿ. ಗೊತ್ತೈತಲ್ಲ?"

"ಗೊತ್ತದಣ್ಣ."

ಅವನು ಕಣ್ಣೊರೆಸಿಕೊಂಡು ಹಾಳೆಗಳನ್ನು ಎತ್ತಿಕೊಂಡು ಹೊರಗೆ ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು.

"ಯಾವ ಕಿವಿ?" ಜಡೆಪ್ಪ ಕೇಳಿದ.

"ಬಲಗಿವಿ ಹೊಂಟದ. ಇನ್ನೊಂದು ವರ್ಷ ಅಂತಾರ ಡಾಕ್ಟ್ರು. ಎಡಗಿವಿ ಮೊದಲೇ ಇಲ್ಲ."

"ಯಾವಾಗಿಂದ ಇಲ್ಲ?"

"ಆ ವರ್ಷ ಜ್ವರ ಬಂದು ಮಲಗಿದ್ನಲ್ಲ, ಆವಾಗಿಂದ. ಸಿರುಗುಪ್ಪದ ಕಛೇರಿಗಿಂತ ಎರಡು ತಿಂಗಳು ಮೊದಲ." ತಡೆದಿಟ್ಟ ಅಳು ಉಕ್ಕಿ ಬಂತು. "ಅವತ್ತು ನಿಮಗ ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ನೀವು ಹೋಗೇಬಿಟ್ರಿ! ಹೆಂಗೋ ಗೊತ್ತಾಗಿ ಹೋದ್ರಿ ಅಂತ ತಿಳಕೊಂಡೆ. ಕಿವುಡಿ ಯಾರಿಗೆ ಬೇಕು?"

ಅವನು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ಕಛೇರಿಯಾಗ ನಾ ಎಲ್ಲಿ ಕುಂದ್ರತಿದ್ದೆ, ಮೇಡಂ?"

"ಹಾರ್ಮೋನಿಯಂನವರು ಹಾಡೋರ ಎಡಕ್ಕ ಕುಂದ್ರತಾರಲ್ಲ..."

ಅವಳ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಎಡಕ್ಕ," ಎಂದ ಅವನು. "ಅಂಜಿನೇಯಣ್ಣ ಬಲಗಡಿ ತಬಲಾ ಹೊಂದಸಾಕತ್ತಿದ್ದ. ನಾ ನಿಮ್ಮ ಕಿವಿ ಹತ್ರ ಬಗ್ಗಿ ಕೇಳಿದೆ. ಆರು ತಿಂಗಳಿಂದ ಎದಿಯಾಗ ಇಟ್ಕೊಂಡಿದ್ದನ್ನ ಕೇಳಿದೆ. ನನ್ನ ಮದುವಿ ಆಗ್ತೀರೇನು ಅಂತ. ನೀವು ತಿರುಗಿ ಸೈತ ನೋಡ್ಲಿಲ್ಲ. 'ಬ್ಯಾಡ ಬ್ಯಾಡ, ಹೊಂದಂಗಿಲ್ಲ' ಅಂದ್ರಿ."

"ತಬಲಾಕ್ಕ ಅಂದೆ!" ಶ್ರೀಕೃತಿ ಚೀರಿದಳು. "ತಬಲಾ ಮ್ಯಾಲೆ ಏರಿತ್ತು, ನನ್ನ ಸ್ವರಕ್ಕ ಹೊಂದ್ತಿರಲಿಲ್ಲ! ಅಂಜಿನೇಯಣ್ಣಗ ಅಂದಿದ್ದು ನಾನು!"

"ನಾ ನಮ್ಮ ಓಣಿಗೆ ಅಂದ್ರಿ ಅಂತ ತಿಳಕೊಂಡೆ..."

ಯಾರ ಮೇಲೆ ಸಿಟ್ಟಾಗುವುದು? ಜ್ವರದ ಮೇಲೆಯೋ, ತಬಲಾದ ಮೇಲೆಯೋ? ಹದಿನೆಂಟು ವರ್ಷ ಅವಳು ಕಾರಣವಿಲ್ಲದೆ ಅತ್ತಿದ್ದಳು, ಅವನು ಕಾರಣವಿಲ್ಲದೆ ಮುನಿದಿದ್ದ. ಆ ವರ್ಷಗಳನ್ನು ಇನ್ನು ಯಾರೂ ತಂದುಕೊಡುವಂತಿರಲಿಲ್ಲ.

"ಮನಿಯೊಳಗ... ಯಾರದಾರ?" ಕೇಳುವಾಗ ಅವಳು ಅವನ ಮುಖ ನೋಡಲಿಲ್ಲ.

"ಯಾರೂ ಇಲ್ಲ. ಒಮ್ಮಿ ಬ್ಯಾಡ ಅನ್ನಿಸ್ಕೊಂಡವನಿಗೆ ಇನ್ನೊಬ್ರನ್ನ ಕೇಳೋ ಧೈರ್ಯ ಬರಲಿಲ್ಲ."

ಅವನು ಎದ್ದ. ಮೇಜು ಸುತ್ತಿ ಬಂದು, ಅವಳ ಬಲಗಡೆ ಕುರ್ಚಿ ಎಳೆದು ಹತ್ತಿರ ಕೂತ. ಏನು ಕೇಳಲಿದ್ದಾನೆಂದು ಅವಳಿಗೆ ತಿಳಿದುಹೋಯಿತು.

"ಕೇಳಬ್ಯಾಡ್ರಿ!" ಎಂದಳು ಗಾಬರಿಯಿಂದ. "ನಾಳಿಗೆ ನೌಕರಿನೂ ಇರಂಗಿಲ್ಲ. ವರ್ಷ ತುಂಬೋದ್ರೊಳಗ ನಿಮ್ಮ ಹಾರ್ಮೋನಿಯಂ ಸೈತ ನನಗ ಕೇಳಿಸಂಗಿಲ್ಲ. ಕತ್ತಲಿದ್ದಂಗ ಇರ್ತದ ನನ್ನ ಸಂಗಡ."

"ಕೇಳಿಸೋತನಕ ಬಲಕ್ಕ ಕುಂದ್ರತೀನಿ. ಆಮ್ಯಾಲ ಎದುರಿಗೆ ಕುಂದ್ರತೀನಿ. ತುಟಿ ನೋಡಿ ತಿಳಕೋರಿ."

ಹೊರಗೆ ಮೈಕಿನಲ್ಲಿ ಫಲಿತಾಂಶ ಹೇಳುತ್ತಿದ್ದರು. ಕುಡತಿನಿಯ ಅನಿತಾಗೆ ಚಪ್ಪಾಳೆ ಬೀಳುತ್ತಿತ್ತು. ಶ್ರೀಕೃತಿಗೆ ಅದು ದೂರದ ಗುಜುಗುಜು ಮಾತ್ರ. ಅವಳ ಕಣ್ಣೆಲ್ಲ ಅವನ ತುಟಿಯ ಮೇಲಿತ್ತು.

ಅವನು ಅವಳ ಬಲಗಿವಿಯ ಹತ್ತಿರ ಬಗ್ಗಿದ.

"ಶ್ರೀಕೃತಿ... ನನ್ನ ಮದುವಿ ಆಗ್ತೀಯೇನು?"

ಒಂದಕ್ಷರವೂ ತಪ್ಪದೆ ಕೇಳಿಸಿತು. ಅಳುತ್ತಲೇ ಅವಳು ಅವನ ಕೈ ಹಿಡಿದುಕೊಂಡಳು.

"ಹೊಂದತೈತಿ," ಎಂದಳು.

ಅವನು ಮೊದಲು ಬೆಚ್ಚಿದ, ಆಮೇಲೆ ಒದ್ದೆ ಕಣ್ಣಿನಲ್ಲೇ ನಕ್ಕ. "ಐತಿ ಅಂದ್ರ ಅಮ್ಮಾರು ಬೈತಾರ."

"ಬೈಲಿ ಬಿಡ್ರಿ. ಅಮ್ಮನ್ನ ಎಡಕ್ಕ ಕೂಡಿಸ್ಕೋತೀನಿ."