ನಾಕ್‌ಡೆರಿಯ ಬೋರ್ಡು

ಕವರಿನೊಳಗೆ ಇದ್ದದ್ದು ಬರೀ ಖಾಲಿ ಹಾಳೆ! ನರ್ಸಿಂಗ್ ಡಿಗ್ರಿ, ರಿಜಿಸ್ಟ್ರೇಷನ್—ಒಂದೂ ಇಲ್ಲ. ಲಿಜ್ಜಿ ಕವರನ್ನು ತಲೆಕೆಳಗು ಮಾಡಿ ಕೊಡವಿದಳು. ಐರ್ಲೆಂಡಿನ ಕೆಲಸ ನಂಬಿ ಕುವೈತಿನ ಆಸ್ಪತ್ರೆಗೆ ರಾಜೀನಾಮೆ ಕೊಟ್ಟಾಗಿತ್ತು. ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಮುಗಿಯಲು ಉಳಿದದ್ದು ಐದೇ ದಿನ.

ಕವರು ಮುಟ್ಟಿದವರು ಇಬ್ಬರೇ. ಪೇಟೆಯ ಶರ್ಕ್ ಬಡಾವಣೆಯ ಆಫೀಸಿನಲ್ಲಿ ಸೀಲು ಹಾಕಿಸುತ್ತೇನೆಂದು ಒಯ್ದು, ಅಂಟಿಸಿ ತಂದುಕೊಟ್ಟ ಸುಕೇಶ್—ಐರ್ಲೆಂಡಿನಲ್ಲಿದ್ದು ಬಂದವನೆಂದು ಹೇಳಿಕೊಂಡು ಕೆಲಸ ಕೊಡಿಸಿದವನೂ ಅವನೇ. ಇನ್ನೊಬ್ಬಳು, ಕಪಾಟಿನ ಬೀಗದ ಕೈ ಇದ್ದ ರೂಮ್‌ಮೇಟ್ ಅಕ್ಷಿತಾ.

"ನೀನೇ ತೆಗ್ದದ್ದು! ನಿಂಗೆ ವೀಸಾ ಆಗ್ಲಿಲ್ಲ ಅಂತ ಹೊಟ್ಟೆಕಿಚ್ಚು!"

"ಸುಕೇಶಣ್ಣನತ್ರ ರಸೀದಿ ತಕೊಂಡಿದ್ಯಾ?" ಅಕ್ಷಿತಾಳ ಕಣ್ಣು ತುಂಬಿತ್ತು.

"ನಮ್ಮೂರಿನವ್ರತ್ರ ರಸೀದಿ ಕೇಳ್ಲಿಕ್ಕುಂಟಾ?"

ಗಲಾಟೆ ಕೇಳಿ ಪಕ್ಕದ ಫ್ಲ್ಯಾಟಿನ ಯಶೋಧರ ಬಂದರು. ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ಐರಿಷ್ ಎಂಜಿನಿಯರನೊಬ್ಬನ ಕೈಕೆಳಗೆ ಇಪ್ಪತ್ತು ವರ್ಷ ನಕ್ಷೆ ಬರೆದ ಮನುಷ್ಯ. ಮೂಗು ತೂರಿಸದ ಜಾಗವಿಲ್ಲ. ಫೋನ್ ಮಾಡಿ ಸುಕೇಶನನ್ನೂ ಕರೆಸಿದರು.

"ಐರ್ಲೆಂಡಲ್ಲಿ ಎಷ್ಟು ವರ್ಷ ಇದ್ದಿ ಮಾರಾಯ?"

"ಮೂರು."

"ಯಾವೂರು?"

"ನಾಕ್‌ಡೆರಿ. ಇವಳ ಆಸ್ಪತ್ರೆ ಇರುವ ಊರೇ. ನೋಡಿ—"

ಮೊಬೈಲಿನಲ್ಲಿ, ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಬೋರ್ಡಿನ ಪಕ್ಕ ನಗುತ್ತ ನಿಂತ ಸುಕೇಶ್. ಲಿಜ್ಜಿ ನಂಬಿದ್ದೂ ಇದೇ ಫೋಟೋ ನೋಡಿ.

"ಹೆಸರಿಗೆ ಅರ್ಥ ಎಂತ?"

"ಊರಿನ ಹೆಸರಿಗೆಂತ ಅರ್ಥ ಅಣ್ಣ?"

"ನಾಕ್ ಅಂದ್ರೆ ಗುಡ್ಡ. ಡೆರಿ ಅಂದ್ರೆ ಓಕ್ ಮರದ ಕಾಡು."

"ಅದೆಲ್ಲ ಯಾರಿಗೆ ಗೊತ್ತಿರ್ತದೆ?"

"ಗೊತ್ತಿಲ್ಲದ್ದು ತಪ್ಪಲ್ಲ. ಆದ್ರೆ ಬೋರ್ಡಲ್ಲಿ ಒಂದೇ ಸಾಲು ಯಾಕೆ?"

ಸುಕೇಶ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಯಶೋಧರ ಲಿಜ್ಜಿಯತ್ತ ತಿರುಗಿದರು. "ಅಲ್ಲಿಯವ್ರು ಇಟ್ಟ ಹೆಸರನ್ನ ಇಂಗ್ಲಿಷರು ಕಿವಿಗೆ ಬಿದ್ದ ಹಾಗೆ ಬರ್ಕೊಂಡ್ರು. ಅದಕ್ಕೆ ಈಗ ಊರಿನ ಬೋರ್ಡಲ್ಲಿ ಮೇಲೆ ಐರಿಷ್ ಹೆಸರು, ಕೆಳಗೆ ಇಂಗ್ಲಿಷ್. ನಮ್ಮ ಸಾಹೇಬ ಅವನ ಊರಿನ ಫೋಟೋ ತೋರಿಸಿ ತೋರಿಸಿ ನನ್ನ ತಲೆ ತಿಂದಿದ್ದಾನೆ. ಇದು ಮೊಬೈಲಲ್ಲಿ ಅಂಟಿಸಿದ ಬೋರ್ಡು ಮಗಾ. ಇವ ಆ ದೇಶ ನೋಡ್ಲೇ ಇಲ್ಲ. ಕೆಲಸವೂ ಸುಳ್ಳು, ಆಸ್ಪತ್ರೆಯೂ ಸುಳ್ಳು. ಬೇಕಿದ್ದದ್ದು ನಿನ್ನ ಒರಿಜಿನಲ್ಸ್. ಕಳ್ಳ ಇವನೇ!"

"ಎಲ್ಲುಂಟು ಅವು?" ಲಿಜ್ಜಿ ಅವನ ಕಾಲರ್ ಹಿಡಿದಳು.

"ನನ್ನತ್ರ ಇಲ್ಲ. ಅದನ್ನ ತೋರಿಸಿ ನಿನ್ನ ಹೆಸರಲ್ಲಿ ಬೇರೊಬ್ಳು ಕೆಲಸಕ್ಕೆ ಸೇರಿ ಆಯ್ತು. ಖಲಾಸ್."

ಯಶೋಧರ ಕರೆಸಿದ ಪೊಲೀಸರು ಅವನನ್ನು ಕರೆದೊಯ್ದರು. ಲಿಜ್ಜಿ ಹಳೆಯ ಆಸ್ಪತ್ರೆಗೆ ಫೋನ್ ಮಾಡಿದಳು. ಅವಳ ಜಾಗಕ್ಕೆ ಬೇರೆಯವರು ಬಂದಾಗಿತ್ತು.

ಅಕ್ಷಿತಾ ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿ, ಊರಿಗೆ ಹೊರಡಬೇಕಾದ ಲಿಜ್ಜಿಯ ಬಟ್ಟೆ ಮಡಚತೊಡಗಿದಳು.

"ಯೂನಿಫಾರ್ಮ್ ಹಾಕ್ಬೇಡ ಮಾರಾಯ್ತಿ," ಎಂದಳು ಲಿಜ್ಜಿ. "ಅದು ಆಸ್ಪತ್ರೆಯವ್ರದ್ದು. ತೊಳ್ದು ವಾಪಸ್ ಕೊಡ್ಬೇಕು."