ನಾಲ್ಕನೇ ಹಲಗೆಯ ಕೆಂಪು ಬಾವುಟ

“ಬಗ್ಗ್ರೀ! ಕೆಳಗೆ ಬಗ್ಗಿ!”

ಕೂಗು ಕಿವಿಗೆ ಬೀಳುವಷ್ಟರಲ್ಲೇ ಯಾರೋ ಜಗದಾಂಬಾಳ ಮುಂಗೈ ಹಿಡಿದು ಎಳೆದರು. ಅವಳು ಮಣ್ಣಿನ ದಿಬ್ಬದ ಮರೆಗೆ ದೊಪ್ಪನೆ ಬಿದ್ದಳು. ಮರುಕ್ಷಣ... ಢಂ!

ಎಲ್ಲೋ ಹತ್ತಿರದಲ್ಲೇ ಗುಂಡು ಹಾರಿತ್ತು.

“ಕಣ್ಣು ಕಾಣಲ್ವೇನ್ರೀ? ಅಷ್ಟು ದೊಡ್ಡ ಕೆಂಪು ಬಾವುಟ ಹಾರ್ತಾ ಇರೋದು ಏನ್ ಅಲಂಕಾರಕ್ಕಾ?”

ಮೂವತ್ತು ದಾಟಿದ ಗಂಡಸು. ಖಾಕಿ ಚಡ್ಡಿ, ಮೈಯೆಲ್ಲ ಧೂಳು. ಕಣ್ಣಲ್ಲಿ ಕೋಪಕ್ಕಿಂತ ಗಾಬರಿಯೇ ಹೆಚ್ಚಿತ್ತು.

“ಮೊದ್ಲು ಕೈ ಬಿಡ್ರೀ!” ಎಂದಳು ಜಗದಾಂಬಾ.

ಅವನು ಕೆಂಡ ಮುಟ್ಟಿದವನಂತೆ ಕೈ ಬಿಟ್ಟ.

ಕೈ ಬಿಟ್ಟ ಮೇಲೆ ಅವಳಿಗೆ ಏನಾಯಿತು ಗೊತ್ತೇ? ಮುಂಗೈ ಮೇಲೆ ಐದು ಬೆರಳಿನ ಗುರುತು ಕೆಂಪಗೆ ಎದ್ದಿತ್ತು. ಅದನ್ನೇ ನೋಡುತ್ತಾ ಅವಳು ಲೆಕ್ಕ ಹಾಕಿದಳು. ‘ಒಬ್ಬ ಮನುಷ್ಯ ನನ್ನ ಕೈ ಹಿಡಿದು ಎಷ್ಟು ವರ್ಷವಾಯ್ತು? ಆರು...’ ಕಣ್ಣು ತುಂಬಿ ಬಂತು. ನೋವಿಗೆ ಅಂತ ಅವನು ತಿಳಿದುಕೊಂಡ, ಪಾಪ!

ಜಗದಾಂಬಾಳಿಗೆ ಇಪ್ಪತ್ತೇಳು ವರ್ಷ. ದಾವಣಗೆರೆಯ ಹುಡುಗಿ. ಮದುವೆಯಾಗಿ ಏಳು ತಿಂಗಳಿಗೆ ಗಂಡ ವಿಷಮಜ್ವರದಲ್ಲಿ ತೀರಿಕೊಂಡ. ಊರಿನವರ ‘ಅಯ್ಯೋ ಪಾಪ’ ಕೇಳಲಾರದೆ ಹಟ ಹಿಡಿದು ಓದಿ, ರಾಜಾಜಿನಗರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್ ಕೆಲಸ ಹಿಡಿದಿದ್ದಳು. ಬಾಡಿಗೆಗೆ ಒಂದೂವರೆ ಕೋಣೆಯ ಮನೆ. ಸುತ್ತ ಅರ್ಧ ಕಟ್ಟಿದ ಗೋಡೆಗಳು, ಖಾಲಿ ಸೈಟುಗಳು.

ಮಕ್ಕಳಿರುವ ದಿನ ಹೇಗೋ ಕಳೆಯುತ್ತಿತ್ತು. ಶನಿವಾರ ಮಧ್ಯಾಹ್ನ ಗಂಟೆ ಹೊಡೆದರೆ ಮುಗಿಯಿತು, ಸೋಮವಾರ ಬೆಳಿಗ್ಗೆಯವರೆಗೆ ಅವಳ ಜೊತೆ ಮಾತಾಡುವವರಿಲ್ಲ. ಸೋಮವಾರ “ಎದ್ದು ನಿಲ್ರಪ್ಪಾ” ಎನ್ನುವಾಗ ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಅದಕ್ಕೇ ಭಾನುವಾರ ಬೆಳಿಗ್ಗೆ ಎದ್ದು ಮಾಗಡಿ ರಸ್ತೆ ಹಿಡಿದು ಕಾಲು ಸೋಲುವವರೆಗೆ ನಡೆಯುವುದು. ಹಾಗೆ ನಡೆದು ನಡೆದೇ ಅವತ್ತು ಶ್ರೀಗಂಧದ ಕಾವಲಿನ ಬಯಲಿಗೆ, ನಾಗರಿಕರಿಗೆ ಬಂದೂಕು ಕಲಿಸುವ ಜಾಗಕ್ಕೆ, ನುಗ್ಗಿಬಿಟ್ಟಿದ್ದಳು.

ಸೀಟಿ ಊದಿ ಗುಂಡು ನಿಂತ ಮೇಲೆ ದಪ್ಪ ಮೀಸೆಯ ಯಜಮಾನರೊಬ್ಬರು ದಾಪುಗಾಲು ಹಾಕುತ್ತಾ ಬಂದರು. ನಿವೃತ್ತ ಸುಬೇದಾರ್ ಪುರುಷೋತ್ತಮ, ಇಲ್ಲಿಯ ಗುರುಗಳು.

“ಶಂಭುಲಿಂಗಪ್ಪ, ಏನಯ್ಯಾ ಇದು?”

“ದಾರಿ ತಪ್ಪಿ ಬಂದಿದಾರೆ ಸಾರ್.”

ಸುಬೇದಾರರು ಅವಳನ್ನು ನೋಡಿ ನಕ್ಕರು. “ಇಷ್ಟು ದೂರ ಬಂದಿದೀರಿ, ಹೆಸರು ಬರೆಸಿಬಿಡಿ ತಾಯಿ. ಆರು ಭಾನುವಾರದ ಕೋರ್ಸು. ಹೆಂಗಸ್ರೂ ಮೂರು ಜನ ಇದಾರೆ.”

ಆರು ಭಾನುವಾರ! ಬೇರೆ ಯಾರಾದರೂ ಆಗಿದ್ದರೆ ಬಂದೂಕಿನ ಬಗ್ಗೆ ಯೋಚಿಸುತ್ತಿದ್ದರು. ಅವಳು ಭಾನುವಾರಗಳ ಬಗ್ಗೆ ಯೋಚಿಸಿ ಹೆಸರು ಬರೆಸಿದಳು.

ಮನೆ ಮಾಲೀಕರ ತಾಯಿ ಚಿಕ್ಕಗಂಗಮ್ಮ ಕೇಳಿ ಎದೆ ಮೇಲೆ ಕೈ ಇಟ್ಟುಕೊಂಡಳು. “ಬಂದೂಕಾ? ಅಲ್ಲ ಕಣವ್ವ ಟೀಚ್ರಮ್ಮ, ನಿಂಗೇನ್ ಬಂತು?”

“ಸುಮ್ನೆ ಅಜ್ಜಿ. ಹೊತ್ತು ಹೋಗ್ಲಿ ಅಂತ.”

ಕಲಿಯುವುದು ಸುಲಭವಿರಲಿಲ್ಲ. ಸೀರೆ ಉಟ್ಟು, ಗೋಣಿತಾಟಿನ ಮೇಲೆ ಬೋರಲು ಮಲಗಿ, ಭುಜಕ್ಕೆ ಬಂದೂಕು ಒತ್ತಿಕೊಂಡು, ಉಸಿರು ಅರ್ಧ ಬಿಟ್ಟು ಅರ್ಧ ಹಿಡಿದು... ಅಬ್ಬಬ್ಬಾ!

“ಟ್ರಿಗರ್ ಎಳೀಬೇಡಿ, ಹಿಂಡಿ. ನಿಂಬೆಹಣ್ಣು ಹಿಂಡಿದ ಹಾಗೆ,” ಎನ್ನುತ್ತಿದ್ದರು ಸುಬೇದಾರರು.

ಎದುರಿಗೆ ನೂರು ಗಜ ದೂರದಲ್ಲಿ ಗುರಿಯ ಹಾಳೆ ಸಿಕ್ಕಿಸಿದ ಆರು ಹಲಗೆ. ಹಲಗೆಗಳ ಬುಡದಲ್ಲಿ ಆಳವಾದ ಕಂದಕ. ಅದರೊಳಗೆ ಕೂತವನು ಶಂಭುಲಿಂಗಪ್ಪ. ಗುಂಡು ಎಲ್ಲಿ ತಾಗಿತೋ ಆ ಜಾಗಕ್ಕೆ ಬಿಲ್ಲೆ ಕಟ್ಟಿದ ಉದ್ದ ಕೋಲು ಎತ್ತಿ ತೋರಿಸುವುದು ಅವನ ಕೆಲಸ. ತಾಗಲೇ ಇಲ್ಲವೋ, ಸಣ್ಣದೊಂದು ಕೆಂಪು ಬಾವುಟ ಎತ್ತಿ ಅತ್ತಿಂದಿತ್ತ ಆಡಿಸುತ್ತಿದ್ದ.

ಮೊದಲ ಭಾನುವಾರ ಜಗದಾಂಬಾ ಐದು ಗುಂಡು ಹಾರಿಸಿದಳು. ನಾಲ್ಕನೇ ಹಲಗೆಯ ಮುಂದೆ ಐದು ಸಲವೂ ಕೆಂಪು ಬಾವುಟ ಆಡಿತು.

ನೀರಿನ ಗಡಿಗೆಯ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲ ಅಂದುಕೊಂಡು ಅವಳು ಕಣ್ಣೊರೆಸಿಕೊಂಡಳು. ‘ಇದೂ ನನ್ನಿಂದ ಆಗಲಿಲ್ಲ...’

ಎರಡನೇ ಭಾನುವಾರ ಬಿಲ್ಲೆ ಎದ್ದು ಹಲಗೆಯ ನಡುವಿಗೇ ಹೋಗಿ ನಿಂತಿತು! ಮತ್ತೊಮ್ಮೆ. ಮಗದೊಮ್ಮೆ!

“ಭಲೇ ತಾಯಿ!” ಎಂದರು ಸುಬೇದಾರರು.

ಆವತ್ತು ಮಾಗಡಿ ರಸ್ತೆಯಲ್ಲಿ ಅವಳು ಒಬ್ಬಳೇ ನಗುತ್ತಾ ನಡೆದಳು. ಅಲ್ಲಿಂದ ಮುಂದೆ ಸೋಮವಾರದಿಂದಲೇ ಭಾನುವಾರಕ್ಕೆ ಕಾಯುವುದು ಶುರುವಾಯಿತು. ಬಂದೂಕಿಗೋ, ಆ ಕೋಲಿಗೋ, ಕೋಲು ಹಿಡಿದ ಕೈಗೋ? ಅವಳನ್ನು ಕೇಳಿದ್ದರೆ ಬಂದೂಕಿಗೆ ಅನ್ನುತ್ತಿದ್ದಳು ಬಿಡಿ.

ಮೂರನೇ ಭಾನುವಾರ ಕಾಫಿ ಹೊತ್ತಿನಲ್ಲಿ ಧೈರ್ಯ ಮಾಡಿ ಶಂಭುಲಿಂಗಪ್ಪನ ಪಕ್ಕ ಕೂತಳು. “ನಿಮ್ಮೂರು ಯಾವ್ದು?”

ಉತ್ತರವಿಲ್ಲ. ಅವನು ಎತ್ತಲೋ ನೋಡುತ್ತಿದ್ದ. ‘ಎಷ್ಟು ಜಂಬ!’ ಎಂದು ಏಳಹೊರಟಳು.

“ಅವ್ನ ಬಲಗಡೆ ಕೂತ್ಕೊಳ್ಳಿ ತಾಯಿ,” ಎಂದರು ಸುಬೇದಾರರು. “ಬರ್ಮಾ ಯುದ್ಧದಲ್ಲಿ ಎಡಗಿವಿ ಹೋಯ್ತು. ಹೇಳ್ಕೊಳ್ಳಲ್ಲ ಮಹಾರಾಯ.”

ಬಲಗಡೆ ಕೂತ ಮೇಲೆ ಗೊತ್ತಾಯಿತು. ತಿಪಟೂರಿನ ಕಡೆಯವನು. ತಂದೆತಾಯಿ ಇಲ್ಲ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕಿವಿ ಮಂದ ಅಂತ ಯಾರೂ ಮಾತಿಗೆ ಕರೆಯುವುದಿಲ್ಲ. ಕರೆಯುವುದಿಲ್ಲ ಅಂತ ಇವನೂ ಹೋಗುವುದಿಲ್ಲ.

“ಭಾನುವಾರ ಇಲ್ಲಿಗೆ ಬರ್ದೇ ಇದ್ರೆ ಏನ್ ಮಾಡ್ತೀರಿ?” ಎಂದಳು.

“ಬಟ್ಟೆ ಒಗೀತೀನಿ. ಒಣಗಿದ ಮೇಲೆ ಮಡಿಸ್ತೀನಿ.” ಅವಳ ಕಡೆ ತಿರುಗಿ ಕೇಳಿದ, “ನೀವು?”

“ನಡೀತೀನಿ.”

ಇಬ್ಬರೂ ನಕ್ಕರು.

ಆ ವಾರವೇ ದಾವಣಗೆರೆಯಿಂದ ಅಣ್ಣ ಏಕಾಂತಯ್ಯನ ಪತ್ರ ಬಂತು. ‘ಯುಗಾದಿಗೆ ಬಂದು ಕರೆದುಕೊಂಡು ಹೋಗುತ್ತೇನೆ, ರಾಜೀನಾಮೆ ಕೊಡು. ನಿನ್ನ ಅತ್ತಿಗೆಗೂ ಕೈಲಾಗುವುದಿಲ್ಲ, ಮನೆ ಮಕ್ಕಳನ್ನು ನೋಡಿಕೊಂಡು ಇದ್ದುಬಿಡು.’ ಅಂದರೆ ಒಲೆ ಮುಂದೆ ಹಣ್ಣಾಗುವುದು! ಅವಳು ಎಂದಿನಂತೆ ಉತ್ತರ ಬರೆದಳು: ‘ನಾನು ಇಲ್ಲಿ ಸುಖವಾಗಿದ್ದೇನೆ, ಚಿಂತೆ ಬೇಡ.’

ಈ ಸಲ ಅದು ಪೂರ್ತಿ ಸುಳ್ಳು ಅನ್ನಿಸಲಿಲ್ಲ.

ಐದನೇ ಭಾನುವಾರ ಕಂದಕದಲ್ಲಿ ಕೂರುವ ಪಾಳಿ ಅವಳದು. ಕಲಿಯುವವರೆಲ್ಲ ಒಂದೊಂದು ದಿನ ಅಲ್ಲಿ ಕೂತು ಗುರುತು ತೋರಿಸಬೇಕು, ಅದು ಕೋರ್ಸಿನ ನಿಯಮ. ಶಂಭುಲಿಂಗಪ್ಪನ ಪಕ್ಕ, ಬಲಗಡೆಗೆ, ಕೂತಳು. ತಲೆ ಮೇಲೆ ಗುಂಡುಗಳು ಸುಯ್ಯೆನ್ನುತ್ತಿದ್ದವು.

“ತೂತು ಬಿದ್ದ ಕಡೆ ಕಪ್ಪು ಚೂರು ಅಂಟಿಸ್ಬೇಕು. ಒಬ್ಬೊಬ್ಬರದು ಒಂದೊಂದು ಹಾಳೆ. ಆರು ವಾರಕ್ಕೂ ಅದೇ,” ಎಂದು ಅವನು ಒಂದನೇ ಹಲಗೆಯತ್ತ ಬಗ್ಗಿ ಹೋದ.

ಮೂಲೆಯಲ್ಲಿ ಹಾಳೆಗಳ ಕಟ್ಟು ಇತ್ತು. ಆಸೆಯಿಂದ ತನ್ನ ಹೆಸರಿನ ಹಾಳೆ ಹುಡುಕಿ ಬಿಡಿಸಿದಳು. ನಾಲ್ಕು ವಾರ, ಇಪ್ಪತ್ತು ಗುಂಡು.

ಹಾಳೆಯಲ್ಲಿ ಮೂರೇ ಮೂರು ಕಪ್ಪು ಚೂರು! ಅವೂ ಅಂಚಿನಲ್ಲಿ. ನಡುಭಾಗ ಒಗೆದಿಟ್ಟಷ್ಟು ಶುಭ್ರ.

“ಇದೇನ್ರೀ?”

ಅವನು ತಿರುಗಿ ನೋಡಿದ. ಮುಖ ಬಿಳಿಚಿಕೊಂಡಿತು.

“ನಡೂಗೇ ಬಿತ್ತು ಅಂತ ತೋರಿಸಿದ್ರಲ್ಲ... ಅದೆಲ್ಲಾ ಸುಳ್ಳಾ?”

“ಮೊದಲ್ನೇ ದಿನ ಗಡಿಗೆ ಹತ್ರ ನಿಂತು ನೀವು ಕಣ್ಣೊರೆಸಿಕೊಂಡ್ರಿ. ನನ್ನ ಬಾವುಟ ನೋಡಿ ಅತ್ರಲ್ಲ ಅಂತ... ನನ್ ಕೈಲಿ ಮತ್ತೆ ಅದನ್ನ ಎತ್ತೋಕಾಗ್ಲಿಲ್ಲ.”

“ಕರುಣೆ!” ಅವಳು ಹಾಳೆಯನ್ನು ನೆಲಕ್ಕೆ ಹಾಕಿದಳು. “ಊರಲ್ಲಿ ಎಲ್ರೂ ಕರುಣೆ ತೋರ್ಸಿ ತೋರ್ಸಿ ನನ್ನ ಅರ್ಧ ಸಾಯಿಸಿದ್ರು. ಅದನ್ನ ತಪ್ಪಿಸ್ಕೊಂಡು ಇಲ್ಲಿಗೆ ಬಂದೆ ನಾನು. ನೀವೂ ಅದನ್ನೇ ಮಾಡಿದ್ರಾ?”

“ಕರುಣೆ ಅಲ್ಲ ರೀ...”

“ಮಾತಾಡ್ಬೇಡಿ!”

ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋಗುವುದೆಲ್ಲಿಗೆ? ತಲೆ ಎತ್ತಿದರೆ ಗುಂಡು! ಸೀಟಿ ಊದುವವರೆಗೆ ಅರ್ಧ ಗಂಟೆ, ಒಂದೇ ಕಂದಕದಲ್ಲಿ, ಬೆನ್ನು ತಿರುಗಿಸಿ ಕೂತಳು. ಅಷ್ಟು ಹತ್ತಿರದಲ್ಲಿ ಅಷ್ಟು ಒಂಟಿಯಾಗಿ ಅವಳು ಯಾವತ್ತೂ ಕೂತಿರಲಿಲ್ಲ.

ಆ ವಾರ ಪೂರ್ತಿ ಅವಳಿಗೆ ಊಟ ಸೇರಲಿಲ್ಲ. ಇದ್ದದ್ದು ಒಂದೇ ಒಂದು ಖುಷಿ, ಅದೂ ಖೋಟಾ. ಶನಿವಾರ ಸಂಜೆ ಕಾಗದ ತೆಗೆದು ಬರೆದಳು: ‘ಅಣ್ಣಾ, ಯುಗಾದಿಗೆ ಬಾ. ನಿನ್ನ ಜೊತೆ ಬಂದುಬಿಡುತ್ತೇನೆ.’

ವಿಷಯ ಕೇಳಿ ಚಿಕ್ಕಗಂಗಮ್ಮ ಜಗಲಿಯಲ್ಲೇ ಕುಸಿದು ಕೂತಳು.

“ಹೋಗ್ತೀಯಾ? ಯಾಕವ್ವ?”

“ಇಲ್ಲಿ ನಂಗೆ ಯಾರಿದಾರೆ ಅಜ್ಜಿ?”

“ಮತ್ತೆ ಇಷ್ಟು ದಿನ ಹೇಳ್ನಿಲ್ವಲ್ಲ! ‘ಹೆಂಗಿದೀಯವ್ವ’ ಅಂತ ದಿನಾ ಕೇಳ್ತಿದ್ದೆ. ದಿನಾ ನೀನು ‘ಚೆನ್ನಾಗಿದೀನಿ’ ಅಂತಿದ್ದೆ. ಓದ್ದೋಳು, ಒಬ್ಳೇ ಇರೋದೇ ಇಷ್ಟ ಏನೋ ಅಂತ ನಾನೂ ದೂರ ಇದ್ದೆ. ಅಳೋ ಕೂಸಿಗಲ್ವೇನವ್ವ ಹಾಲು?”

ಜಗದಾಂಬಾ ಬೆಚ್ಚಿದಳು.

‘ಅಣ್ಣನಿಗೆ ಸುಖವಾಗಿದ್ದೇನೆ. ಅಜ್ಜಿಗೆ ಚೆನ್ನಾಗಿದ್ದೇನೆ. ಶಾಲೆಯಲ್ಲಿ ಏನೂ ತೊಂದರೆಯಿಲ್ಲ... ಆರು ವರ್ಷದಿಂದ ಎಲ್ಲರಿಗೂ ನಡುವಿಗೇ ಬಿಲ್ಲೆ ಇಟ್ಟು ತೋರಿಸುತ್ತಿದ್ದೇನಲ್ಲ ನಾನು! ಬೀಳದ ಗುಂಡನ್ನು ಬಿತ್ತು ಅಂದರೆ ಯಾರು ತಾನೇ ಏನು ತಿದ್ದುತ್ತಾರೆ? ಅವನೊಬ್ಬನನ್ನೇ ಬೈದೆನಲ್ಲ...’

ಭಾನುವಾರ ಬೆಳಿಗ್ಗೆ ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡು ಹೊರಟಳು. ದಾರಿಯ ಅಂಚೆಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತಳು. ಹಾಕಲಿಲ್ಲ.

ಕಾವಲಿನಲ್ಲಿ, ಊರಿಗೆ ಹೋಗುವ ಯೋಚನೆ ಇದೆ ಎಂದು ಅವಳು ಹೇಳಿದಾಗ ಸುಬೇದಾರರ ಮೀಸೆ ಕುಣಿಯಿತು. “ಶಂಭು ಬೆಳಗ್ಗೇನೇ ಬಂದು ಎಲ್ಲಾ ಒಪ್ಕೊಂಡ. ಚೆನ್ನಾಗಿ ಉಗಿದಿದೀನಿ. ಆದ್ರೆ ತಪ್ಪು ನಂದೂ ಇದೆ. ಗುಂಡು ಬೀಳ್ತಿದೆ ಅಂತ ನಂಬಿ ನಿಮ್ಮ ಕಣ್ಣನ್ನೇ ನಾನು ನೋಡ್ಲಿಲ್ಲ. ಎರಡೂ ಕೈ ಸೇರಿಸಿ ಸಣ್ಣ ಕಿಂಡಿ ಮಾಡಿ. ಅದರೊಳಗಿಂದ ನನ್ನ ಮೂಗು ನೋಡಿ.”

ನೋಡಿದಳು.

“ಈಗ ಎಡಗಣ್ಣು ಮುಚ್ಚಿ. ಮೂಗು ಕಾಣ್ತಾ?”

“ಇಲ್ಲ ಸಾರ್, ಮಾಯ ಆಯ್ತು!”

“ಅದೇ! ನಿಮ್ಮದು ಎಡಗಣ್ಣಿನ ಗುರಿ. ನಾವು ಬಲಭುಜಕ್ಕೆ ಬಂದೂಕು ಕೊಟ್ಟು ಬಲಗಣ್ಣಲ್ಲಿ ನೋಡಿ ಅಂತಿದ್ವಿ. ಮೊದಲ ಐದು ಬಾವುಟ ಆದ ಮೇಲೆ ಆರನೇದೂ ಎದ್ದಿದ್ರೆ ಅವತ್ತೇ ತಿಳೀತಿತ್ತು. ಎಡಭುಜಕ್ಕೆ ತಗೊಳ್ಳಿ.”

ಅವಳು ಮಲಗಿದಳು. ಉಸಿರು ಅರ್ಧ ಬಿಟ್ಟಳು. ಹಿಂಡಿದಳು.

ಢಂ!

ನಾಲ್ಕನೇ ಹಲಗೆಯ ಮುಂದೆ ಕೆಂಪು ಬಾವುಟ ಎದ್ದಿತು. ಅತ್ತ, ಇತ್ತ, ಅತ್ತ.

ಜಗದಾಂಬಾ ನಕ್ಕಳು! ಗುಂಡು ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟವಳನ್ನು ಸುಬೇದಾರರು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲ.

ಎರಡನೆಯದು ಹಲಗೆಯ ಅಂಚು. ಮೂರನೆಯದು ಇನ್ನೊಂದಿಷ್ಟು ಒಳಗೆ. ನಾಲ್ಕನೆಯದು ಅಲ್ಲೇ ಪಕ್ಕ. ಪ್ರತಿ ಸಲವೂ ಅವಳು ಕೋಲು ಹೇಳಿದ್ದನ್ನು ಕೇಳಿ ಒಂದು ಕೂದಲೆಳೆಯಷ್ಟು ತಿದ್ದಿಕೊಂಡಳು. ಐದನೆಯದು ಹಾರಿಸಿ ಉಸಿರು ಬಿಗಿಹಿಡಿದು ಕಾದಳು.

ಬಿಲ್ಲೆ ಮೇಲೆದ್ದಿತು. ನಡುವಿನ ಹತ್ತಿರಕ್ಕೆ ಬಂತು. ಒಂದು ಕ್ಷಣ ಅಲ್ಲೇ ತಡವರಿಸಿತು. ನಡುವಿಗೆ ಇಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಅವನು ಎರಡು ಬೆರಳಷ್ಟು ಎಡಕ್ಕೆ, ಗುಂಡು ಬಿದ್ದ ಜಾಗಕ್ಕೇ ಇಟ್ಟ.

ಆ ಎರಡು ಬೆರಳಿನ ಅಂತರ ನೋಡಿ ಅವಳಿಗೆ ಅಳು ಬಂತು. ಈ ಸಲ ಒರೆಸಿಕೊಳ್ಳಲಿಲ್ಲ.

ಸೀಟಿ ಊದಿ ಎಲ್ಲರೂ ಕಾಫಿಗೆ ಹೋದ ಮೇಲೆ ಅವಳು ಕಂದಕದ ದಂಡೆಗೆ ಬಂದಳು. ಅವನು ಹಾಳೆ ಸುತ್ತುತ್ತಾ ಕೂತಿದ್ದ. ಸೀದಾ ಇಳಿದು ಅವನ ಬಲಗಡೆ ಕೂತಳು.

“ಊರಿಗೆ ಹೋಗ್ತಿದೀರಂತೆ. ಸುಬೇದಾರ್ ಸಾಹೇಬ್ರು ಹೇಳಿದ್ರು,” ಎಂದ, ತಲೆ ಎತ್ತದೆ.

“ಹೂಂ, ಕಾಗದ ಬರೆದಿಟ್ಟಿದೀನಿ. ಒಂದು ಕೇಳ್ತೀನಿ, ನಿಜ ಹೇಳ್ತೀರಾ?”

“ಇನ್ಮೇಲೆ ಬೇರೆ ಏನೂ ಹೇಳಲ್ಲ.”

“ನಾನು ಹೋದ್ರೆ ನಿಮಗೇನಾಗುತ್ತೆ?”

ಅವನು ಸುತ್ತಿದ್ದ ಹಾಳೆಯನ್ನು ಪಕ್ಕಕ್ಕಿಟ್ಟ. ಆಮೇಲೆ, “ಭಾನುವಾರ ಅನ್ನೋದೇ ಬರಬಾರ್ದು ಅನ್ಸುತ್ತೆ,” ಎಂದ. “ನೀವು ಇಲ್ಲಿಗೆ ಬರೋದು ನಿಲ್ಲಿಸಿಬಿಡ್ತೀರೇನೋ ಅನ್ನೋ ಹೆದರಿಕೆಗೆ ಸುಳ್ಳು ತೋರಿಸ್ದೆ. ನಿಮ್ಮ ಮೇಲಿನ ಕರುಣೆಗಲ್ಲ ಜಗದಾಂಬಾ ಅವ್ರೇ... ನನ್ನ ಸ್ವಾರ್ಥಕ್ಕೆ.”

ಆರು ವಾರದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅವಳು ಚೀಲದಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿದಳು. “ಅಣ್ಣನಿಗೆ ಬೇರೆ ಕಾಗದ ಬರೀಬೇಕು. ಇಷ್ಟು ವರ್ಷ ನಾನು ಸುಖವಾಗಿರ್ಲಿಲ್ಲ ಅಂತ ಮೊದ್ಲು ಬರೀತೀನಿ. ಆಮೇಲೆ, ನನ್ನ ನೋಡೋಕೆ ಬಂದಾಗ ಇನ್ನೊಬ್ರನ್ನೂ ನೋಡ್ಕೊಂಡು ಹೋಗು ಅಂತ.”

“ಇನ್ನೊಬ್ರು... ಅಂದ್ರೆ?”

ಅವಳು ಅವನ ಬಲಗಿವಿಯ ಹತ್ತಿರಕ್ಕೆ ಬಾಗಿದಳು.

“ನನಗೆ ಒಬ್ಬಳೇ ಇರೋಕೆ ಆಗ್ತಿಲ್ಲ. ನೀವು ಜೊತೆಗಿರಿ.”

ಆರು ವರ್ಷದಲ್ಲಿ ಅವಳು ಆಡಿದ ಮೊದಲ ನಿಜವಾದ ಮಾತು. ಅವನು ಕಲ್ಲಿನಂತೆ ಕೂತೇ ಇದ್ದ.

“ಕೇಳಿಸ್ತಾ?” ಎಂದಳು ಗಾಬರಿಯಿಂದ.

“ಕೇಳಿಸ್ತು.”

“ಮತ್ತೆ?”

ಅವನು ಮೆಲ್ಲಗೆ ಅವಳ ಮುಂಗೈ ಹಿಡಿದ. ಮೊದಲ ದಿನ ಗುರುತು ಮೂಡಿದ್ದ ಅದೇ ಜಾಗ. ಈ ಸಲ ಬಿಡು ಅನ್ನುವವರಿರಲಿಲ್ಲ.

“ಕೇಳಿಸ್ತು,” ಎಂದ ಮತ್ತೆ, ಕಣ್ಣು ತುಂಬಿಕೊಂಡು. “ಆದ್ರೂ... ಇನ್ನೊಂದ್ಸಲ ಹೇಳಿ.”